ಚಿಲಕಪ್ಪನವರ ಐದನೇ ಅವಕಾಶ

ನಮ್ಮ ನೋಂದಣಿ ಕಚೇರಿಯಲ್ಲಿ ಮೂರು ಮೇಜುಗಳಿವೆ. ಜನನದ ಮೇಜು ನನ್ನದು. ಮರಣದ ಮೇಜು ಬಾಗಿಲ ಬಳಿ ಕೂರುವ ಒಬ್ಬ ಸದಾ ನಗುಮುಖದ ಮನುಷ್ಯನದು. ನಡುವಿನ ಮದುವೆಯ ಮೇಜಿನಲ್ಲಿ ಚಿಲಕಪ್ಪನವರು ಕೂರುತ್ತಾರೆ. ಇದು ಅವರ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ನಾವಿಟ್ಟದ್ದು. ಸಂಜೆ ಕಚೇರಿಗೆ ಬೀಗ ಹಾಕಿ ಬೀದಿಯ ತಿರುವಿನವರೆಗೂ ಬಂದು, "ಚಿಲಕ ಹಾಕಿದ್ನಾ?" ಎಂದು ನಿಂತು, ಮರಳಿ ಹೋಗಿ ಎಳೆದು ನೋಡಿ, ಮತ್ತೆ ತಿರುವಿಗೆ ಬಂದು ಮತ್ತೆ ನಿಲ್ಲುವ ಮನುಷ್ಯನಿಗೆ ಬೇರೆ ಯಾವ ಹೆಸರೂ ಒಪ್ಪುವುದಿಲ್ಲ.

ಇಂಥವರನ್ನು ಮೇಲಿನವರು ಕಚೇರಿಯ 'ಗಣಕ ಭದ್ರತಾ ಸಂಚಾಲಕ'ರನ್ನಾಗಿ ಮಾಡಿದರು. ಸಂಬಳವೇನೂ ಜಾಸ್ತಿಯಾಗಲಿಲ್ಲ, ಒಂದು ಬಿಲ್ಲೆ ಕೊಟ್ಟರು. ಬಿಲ್ಲೆಯನ್ನು ಅಂಗಿಗೆ ಚುಚ್ಚಿಕೊಂಡ ದಿನದಿಂದ ಚಿಲಕಪ್ಪನವರ ನಡಿಗೆಯೇ ಬದಲಾಯಿತು. ನಾನು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೀಬೋರ್ಡಿನ ಕೆಳಗೆ ಇಟ್ಟಿದ್ದೆ. ಅದನ್ನು ಅವರು ಎರಡೇ ಬೆರಳಲ್ಲಿ, ಸತ್ತ ಇಲಿಯನ್ನು ಎತ್ತುವಂತೆ ಎತ್ತಿ, ಹರಿದು, ಮೂರು ಬೇರೆ ಬೇರೆ ಬುಟ್ಟಿಗಳಿಗೆ ಹಾಕಿದರು.

"ನನ್ನ ಪಾಸ್‌ವರ್ಡ್ ನೋಡಿ, ನನ್ನ ತಲೇಲಿದೆ. ಅಲ್ಲಿಗೆ ಯಾರು ಹೋಗ್ತಾರೆ?" ಎಂದರು.

ಯಾರಿಗೂ ಅಲ್ಲಿಗೆ ಹೋಗುವ ಆಸೆ ಇರಲಿಲ್ಲವಾದ್ದರಿಂದ ನಾವು ನಮ್ಮ ನಮ್ಮ ಕೆಲಸಕ್ಕೆ ತಿರುಗಿದೆವು.

ಆದರೆ ಪಾಸ್‌ವರ್ಡ್ ಅವರ ತಲೆಯಲ್ಲೂ ಇರಲಿಲ್ಲ. ಅದನ್ನು ಇಟ್ಟ ದಿನವೇ ಕಂಪ್ಯೂಟರ್, 'ನಾನು ನೆನಪಿಟ್ಟುಕೊಳ್ಳಲೇ?' ಎಂದು ವಿನಯದಿಂದ ಕೇಳಿತ್ತು. ಇವರು ಹೂಂ ಎಂದಿದ್ದರು. ಅವತ್ತಿನಿಂದ ಅದು ನೆನಪಿಟ್ಟುಕೊಂಡಿತು, ಇವರು ಮರೆತರು. ಬೆಳಗ್ಗೆ ಬಂದು ಒಂದು ಗುಂಡಿ ಒತ್ತಿದರೆ ತೆರೆದುಕೊಳ್ಳುತ್ತಿತ್ತು. ಆಮೇಲೆ ಅದು, 'ಹೊಸ ಅಪ್‌ಡೇಟ್ ಬಂದಿದೆ, ಈಗ ಹಾಕಲೇ?' ಎಂದು ಕೇಳುತ್ತಿತ್ತು. ಚಿಲಕಪ್ಪನವರು 'ನಾಳೆ ನೆನಪಿಸು' ಎಂಬುದನ್ನು ಒತ್ತುತ್ತಿದ್ದರು. ಹೀಗೆ ಎಪ್ಪತ್ತು ದಿನ ಒತ್ತಿದರು. ಎಪ್ಪತ್ತೊಂದನೆಯ ದಿನ ಅದು ಕೇಳಲಿಲ್ಲ.

ಆ ಎಪ್ಪತ್ತೊಂದನೆಯ ದಿನವೇ ಅವರ ಅಕ್ಕನ ಮಗಳ ಮದುವೆ.

ಮದುವೆ ಅಂದರೆ ನಮ್ಮ ಕಚೇರಿಯಲ್ಲೇ, ಅದೇ ಮೇಜಿನಲ್ಲಿ, ಬೆಳಗ್ಗೆ ಹನ್ನೊಂದಕ್ಕೆ. ಹುಡುಗ ಬೇರೆ ಯಾರೂ ಅಲ್ಲ, ಚಿಲಕಪ್ಪನವರ ಪಕ್ಕದ ಮನೆಯ ದರ್ಜಿಯ ಮಗ. ಹುಡುಗಿಯ ಅಪ್ಪ, ಅಂದರೆ ಚಿಲಕಪ್ಪನವರ ಭಾವ, ಶಾಲೆಯಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು. ಮೇಷ್ಟ್ರೂ ದರ್ಜಿಯೂ ಈ ಸಂಬಂಧಕ್ಕೆ ಒಪ್ಪಿದ್ದು ಸುಲಭಕ್ಕಲ್ಲ. ಮದುವೆಯ ನೋಟಿಸು ಕೊಟ್ಟ ಮೇಲೆ ಮೂರು ತಿಂಗಳಲ್ಲಿ ಎರಡು ಸಲ ದಿನ ಗೊತ್ತಾಗಿ ಎರಡು ಸಲವೂ ಮುರಿದಿತ್ತು. ಮೊದಲ ಸಲ ದರ್ಜಿ ಹೊಲಿದುಕೊಟ್ಟ ಕೋಟು ಮೇಷ್ಟ್ರಿಗೆ ಬಿಗಿಯಾಯಿತೆಂದು. ಎರಡನೆಯ ಸಲ, ಕೋಟು ಬಿಗಿಯಲ್ಲ ಮೇಷ್ಟ್ರೇ ದಪ್ಪ ಎಂದು ದರ್ಜಿ ಅಂದನೆಂದು. ಆ ನೋಟಿಸಿನ ಆಯುಷ್ಯ ಅವತ್ತು ಸಂಜೆ ಐದಕ್ಕೆ ಮುಗಿಯುತ್ತಿತ್ತು. ಅವತ್ತು ಆಗದಿದ್ದರೆ ಹೊಸ ನೋಟಿಸು, ಮತ್ತೆ ಒಂದು ತಿಂಗಳು ಕಾಯಬೇಕು. ಇನ್ನೊಂದು ತಿಂಗಳು ಆ ಇಬ್ಬರು ಅಪ್ಪಂದಿರು ಒಪ್ಪಿಕೊಂಡೇ ಇರುತ್ತಾರೆ ಎಂಬ ನಂಬಿಕೆ ಹುಡುಗನಿಗಿರಲಿಲ್ಲ, ಹುಡುಗಿಗಂತೂ ಇರಲೇ ಇಲ್ಲ.

ಹತ್ತು ಗಂಟೆಗೆ ಚಿಲಕಪ್ಪನವರು ಹೊಸ ಅಂಗಿ, ಅದರ ಮೇಲೆ ಬಿಲ್ಲೆ ಧರಿಸಿ ಬಂದು ಗುಂಡಿ ಒತ್ತಿದರು. ಪರದೆ ನೀಲಿಯಾಯಿತು. 'ಅಪ್‌ಡೇಟ್ ನಡೆಯುತ್ತಿದೆ. ದಯವಿಟ್ಟು ಆರಿಸಬೇಡಿ' ಎಂದು ಬಂತು.

"ಏನಿಲ್ಲ, ಹತ್ತು ನಿಮಿಷ," ಎಂದರು.

ಹನ್ನೊಂದಕ್ಕೆ ಎರಡೂ ಮನೆಯವರು ಬಂದಾಗ ಶೇಕಡಾ ಇಪ್ಪತ್ತೇಳು ಆಗಿತ್ತು. ಹನ್ನೆರಡಕ್ಕೂ ಇಪ್ಪತ್ತೇಳೇ. ಆ ಇಪ್ಪತ್ತೇಳನ್ನು ಹದಿನಾಲ್ಕು ಜನ ಕುರ್ಚಿ ಹಾಕಿಕೊಂಡು ನೋಡುತ್ತಾ ಕುಳಿತರು. ಇಪ್ಪತ್ತೆಂಟಾದಾಗ ಹುಡುಗನ ಅತ್ತೆಯೊಬ್ಬರು ಚಪ್ಪಾಳೆ ತಟ್ಟಿದರು. ಎರಡೂಕಾಲಿಗೆ ನೂರು ಮುಟ್ಟಿತು. ಎಲ್ಲರೂ ಎದ್ದು ಬಟ್ಟೆ ಸರಿ ಮಾಡಿಕೊಂಡರು. ಪರದೆ ಕಪ್ಪಾಗಿ, ಮತ್ತೆ ನೀಲಿಯಾಗಿ, 'ಮೂರರಲ್ಲಿ ಎರಡನೇ ಹಂತ' ಎಂದಿತು.

"ನಂದು ನೋಡಿ, ಯಾವತ್ತೂ ಕೈಕೊಡಲ್ಲ," ಎಂದ ಮರಣದ ಮೇಜಿನವನು, ನಗುತ್ತಲೇ.

ಮೂರೂ ಮುಕ್ಕಾಲಿಗೆ ಎಲ್ಲ ಹಂತಗಳೂ ಮುಗಿದು ಪರದೆಯ ನಡುವೆ ಒಂದು ಖಾಲಿ ಚೌಕ ಬಂತು. 'ಪಾಸ್‌ವರ್ಡ್ ನಮೂದಿಸಿ.' ಚಿಲಕಪ್ಪನವರು ಅಭ್ಯಾಸದಂತೆ ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಅಪ್‌ಡೇಟ್ ಅದರ ನೆನಪನ್ನೆಲ್ಲ ತೊಳೆದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಐದು ಅವಕಾಶಗಳಿವೆ, ಐದೂ ತಪ್ಪಿದರೆ ಇಪ್ಪತ್ನಾಲ್ಕು ಗಂಟೆ ತೆರೆಯುವುದಿಲ್ಲ ಎಂದಿತ್ತು. ಚಿಲಕಪ್ಪನವರ ಮುಖದ ಬಣ್ಣ ಅಂಗಿಯ ಬಣ್ಣಕ್ಕೆ ಬಂತು. ಅಂಗಿ ಬಿಳಿಯದು.

ನಾನು ನನ್ನ ಕಂಪ್ಯೂಟರ್ ಕೊಡುತ್ತೇನೆಂದೆ. ನಮ್ಮ ಅಧಿಕಾರಿ ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಮದುವೆ ಮದುವೆ ಮೇಜಿಂದಾನೇ ಆಗ್ಬೇಕು. ನಿಮ್ಮ ಮೇಜಿಂದ ಮಾಡಿದ್ರೆ ಆ ಹುಡುಗ ಹುಡುಗಿ ಇವತ್ತು ಹುಟ್ಟಿದ್ರು ಅಂತ ದಾಖಲಾಗುತ್ತೆ."

ಸಹಾಯವಾಣಿಗೆ ಫೋನ್ ಮಾಡಿದೆವು. ಆ ಕಡೆಯ ಹೆಣ್ಣುಮಗಳು ತುಂಬಾ ಸೌಜನ್ಯದಿಂದ, "ನಿಮ್ಮ ಗುರುತು ಖಾತ್ರಿ ಮಾಡ್ಕೋತೀನಿ ಸರ್. ನೀವು ಓದಿದ ಮೊದಲನೇ ಶಾಲೆ ಯಾವುದು?" ಎಂದಳು. ಚಿಲಕಪ್ಪನವರು ಹೇಳಿದರು. "ತಪ್ಪು ಸರ್."

"ಅದು ಹೇಗಮ್ಮ ತಪ್ಪು? ನಾನೇ ಅಲ್ವಾ ಓದಿದ್ದು!" ಎಂದವರು ತಟ್ಟನೆ ನಾಲಿಗೆ ಕಚ್ಚಿಕೊಂಡರು. ಆಮೇಲೆ ನನ್ನ ಕಿವಿಯಲ್ಲಿ, "ನಿಜವಾದ ಉತ್ತರ ಎಲ್ಲರಿಗೂ ಗೊತ್ತಿರುತ್ತಲ್ಲ, ಅದಕ್ಕೇ ಭದ್ರವಾಗಿರಲಿ ಅಂತ ಸುಳ್ಳು ಬರೆದಿದ್ದೆ. ಯಾವ ಸುಳ್ಳು ಅಂತ ನೆನಪಿಲ್ಲ," ಎಂದರು. ಸಹಾಯವಾಣಿಯಾಕೆ ದೂರನ್ನು ಬರೆದುಕೊಂಡಳು. ಮೂರು ಕೆಲಸದ ದಿನಗಳಲ್ಲಿ ಯಾರಾದರೂ ಬರುತ್ತಾರಂತೆ.

ಚಿಲಕಪ್ಪನವರು ಎಲ್ಲರಿಗೂ ಬೆನ್ನು ತಿರುಗಿಸಿ, ಕೀಬೋರ್ಡಿನ ಮೇಲೆ ಕರವಸ್ತ್ರ ಮುಚ್ಚಿ, ಅದರ ಅಡಿಯಲ್ಲಿ ಏನೋ ಒತ್ತಿದರು. 'ತಪ್ಪು. ನಾಲ್ಕು ಅವಕಾಶಗಳು ಉಳಿದಿವೆ.'

ಅವರು ಮೆಲ್ಲಗೆ ದರ್ಜಿಯ ಕಡೆ ತಿರುಗಿದರು. "ಒಂದ್ಮಾತು. ನೀವು ನಂಗೆ ಏಣಿ ಕೊಟ್ಟಿದ್ರಲ್ಲ, ಅದಕ್ಕೆ ಎಷ್ಟು ಮೆಟ್ಟಿಲು ಇತ್ತು ಅಂತೀರಿ?"

ದರ್ಜಿ ಕುರ್ಚಿಯಿಂದ ಎದ್ದೇಬಿಟ್ಟ. "ಹನ್ನೊಂದು! ಹನ್ನೊಂದು ಇತ್ತು ಅಂತ ಹನ್ನೆರಡು ವರ್ಷದಿಂದ ಬಡ್ಕೋತಿದೀನಿ. ವಾಪಸ್ ಬಂದಾಗ ಒಂಬತ್ತು! ಮಗನ ಮದುವೆ ದಿನಾನೂ ಅದೇ ಕೆದಕ್ತೀರಲ್ರೀ?"

ಮೇಡಂ ಬಂದು ಎದುರು ನಿಂತರು. "ಪಾಸ್‌ವರ್ಡಿಗೂ ಏಣಿಗೂ ಏನ್ರೀ ಸಂಬಂಧ?"

ಆಗ ಗುಟ್ಟು ರಟ್ಟಾಯಿತು. ಹುಟ್ಟಿದ ದಿನ ಬೇಡ, ಮನೆ ನಂಬರ್ ಬೇಡ, ಯಾರಿಗೂ ಗೊತ್ತಿಲ್ಲದ್ದು ಹಾಕಿ, ಬರೆಯಬೇಡಿ, ಯಾರಿಗೂ ಹೇಳಬೇಡಿ, ಆದರೂ ಮರೆಯಬೇಡಿ ಎಂದು ಪಾಸ್‌ವರ್ಡಿನ ಬಗ್ಗೆ ಮೇಲಿನವರ ಸುತ್ತೋಲೆಯಲ್ಲಿ ಹೇಳಿತ್ತು. ಮನುಷ್ಯ ಮರೆಯದೇ ಇರುವಂಥದ್ದು ಯಾವುದು ಎಂದು ಚಿಲಕಪ್ಪನವರು ಒಂದು ವಾರ ಯೋಚಿಸಿದ್ದರು. ಜಗಳ. ಬೇರೆ ಏನನ್ನಾದರೂ ಮರೆತಾನು, ಜಗಳವನ್ನು ಯಾರೂ ಮರೆಯುವುದಿಲ್ಲ. ಹಾಗಾಗಿ ತಮ್ಮ ಬಾಳಿನ ಮೂರು ಮುಖ್ಯ ಜಗಳಗಳನ್ನು ಆರಿಸಿ, ಒಂದೊಂದರಿಂದ ಒಂದು ಅಂಕಿ ತೆಗೆದು, ಸಾಲಾಗಿ ಜೋಡಿಸಿದ್ದರು. ದರ್ಜಿಯ ಏಣಿಯ ಮೆಟ್ಟಿಲು. ಭಾವನ ಜೊತೆ ಚದುರಂಗದಲ್ಲಿ ಗೆದ್ದ ಆಟ. ಮೂರನೆಯದು ಹೆಂಡತಿಯನ್ನು ಬಸ್ ನಿಲ್ದಾಣದಲ್ಲಿ ಬಿಟ್ಟು ಹೋದ ನಿಮಿಷ.

"ಮತ್ತೆ ಗೊತ್ತಲ್ಲ, ಹಾಕಿ!" ಎಂದರು ಮೇಡಂ.

"ಜಗಳ ನೆನಪಿದೆ ಮೇಡಂ. ಒಂದೊಂದು ಜಗಳಕ್ಕೂ ಎರಡೆರಡು ಲೆಕ್ಕ ಇದೆ. ನಾನು ಹೇಳೋದೊಂದು, ಅವರು ಹೇಳೋದೊಂದು. ಅವತ್ತು ನಾನು ಯಾವುದು ಹಾಕಿದೆ ಅಂತ... ನನ್ನದನ್ನೇ ಹಾಕಿರ್ತೀನಿ ಅಂತ ನೋಡಿದೆ. ಇಲ್ಲ."

ಗಣಿತದ ಮೇಷ್ಟ್ರು ಜೇಬಿನಿಂದ ಸೀಮೆಸುಣ್ಣ ತೆಗೆದರು. ಮಗಳ ಮದುವೆಗೂ ಸೀಮೆಸುಣ್ಣ ತಂದಿದ್ದರು. ಕಚೇರಿಯ ನೋಟಿಸು ಹಲಗೆಯ ಮೇಲೆ ಬರೆದು, "ಮೂರು ಜಗಳ, ಎರಡೆರಡು ಲೆಕ್ಕ. ಒಟ್ಟು ಎಂಟು ಸಾಧ್ಯತೆ. ಒಂದು ಮುಗೀತು. ಉಳಿದದ್ದು ಏಳು, ಅವಕಾಶ ನಾಲ್ಕು," ಎಂದು ತಿರುಗಿ ನಮ್ಮನ್ನೆಲ್ಲ ಅರ್ಥವಾಯಿತೇ ಎಂಬಂತೆ ನೋಡಿದರು. ಗೋಡೆಯ ಗಡಿಯಾರ ನಾಲ್ಕೂ ಹತ್ತು ತೋರಿಸುತ್ತಿತ್ತು.

ಹುಡುಗಿ ಎದ್ದು ಬಂದು ಮೇಜಿನ ಮೇಲೆ ಕೈಯೂರಿದಳು. "ಮಾವ, ನೀನು ನಿಜ ಹೇಳ್ಬಿಡು. ಐದು ಗಂಟೆವರೆಗೂ ಸುಳ್ಳು ಹೇಳ್ಬೇಡ. ಐದರ ಮೇಲೆ ನಿನ್ನಿಷ್ಟ."

ಚಿಲಕಪ್ಪನವರು ಬಿಲ್ಲೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ನೆಲ ನೋಡುತ್ತಾ, "ಹನ್ನೊಂದೇ ಇತ್ತು. ಅಟ್ಟದ ಬಾಗಿಲಿಗೆ ಉದ್ದ ಆಗ್ತಿತ್ತು. ಎರಡು ಮೆಟ್ಟಿಲು ಕೊಯ್ದೆ," ಎಂದರು.

ಮರಣದ ಮೇಜಿನವನೂ ನಗು ನಿಲ್ಲಿಸಿದ.

"ಕೊಯ್ದ್ರಾ?" ದರ್ಜಿಯ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ನಂಗೆ ಬಂದದ್ದೇ ಒಂಬತ್ತು, ನಿಮ್ಮನೇಲೇ ಗೆದ್ದಲು ತಿಂದಿರ್ಬೇಕು ಅಂದ್ರಿ. ನಾನು ಹೋಗಿ ಗೆದ್ದಲಿನ ಔಷಧಿ ತಂದು ಮನೆಗೆಲ್ಲಾ ಹೊಡೆದೆ!"

ಚಿಲಕಪ್ಪನವರು ಈ ಸಲ ಕರವಸ್ತ್ರ ಮುಚ್ಚಲಿಲ್ಲ. ಹನ್ನೊಂದು ಎಂದು ಒತ್ತಿ, ಉಳಿದೆರಡನ್ನು ತಮ್ಮ ಲೆಕ್ಕದಂತೆಯೇ ಹಾಕಿದರು. 'ತಪ್ಪು. ಮೂರು ಅವಕಾಶಗಳು ಉಳಿದಿವೆ.'

"ಇನ್ನು ಚದುರಂಗ," ಎಂದರು ಮೇಷ್ಟ್ರು. ಅವರ ಕಣ್ಣಲ್ಲಿ ಒಂದು ಹೊಳಪು ಬಂದಿತ್ತು. "ಇಪ್ಪತ್ತು ವರ್ಷದಿಂದ ಊರೆಲ್ಲಾ ಹದಿನಾರು ಆಟ ಗೆದ್ದೆ ಅಂತ ಹೇಳ್ಕೊಂಡು ಬಂದಿದೀಯ. ಅದ್ರಲ್ಲಿ ನಾಲ್ಕು ಆಟ ನಾನು ಸೋಲೋ ಆಟಾನೇ ಅಲ್ಲ, ಹನ್ನೆರಡೇ ಅಂತಿದೀನಿ ನಾನು. ಈಗ ಹೇಳು."

"ಹನ್ನೆರಡು, ಭಾವ."

"ಮತ್ತೆ ಆ ನಾಲ್ಕು?"

"ನೀವು ನೀರು ಕುಡಿಯೋಕೆ ಒಳಗೆ ಹೋದಾಗ ಕುದುರೇನ ಒಂದು ಮನೆ ಆಚೆ ಇಟ್ಟೆ. ನಾಲ್ಕು ಸಲ."

"ನಾಲ್ಕೂ ಸಲ ಕುದುರೇನಾ?"

"ಒಂದ್ಸಲ ಆನೆ."

ಮೇಷ್ಟ್ರು ದರ್ಜಿಯ ಪಕ್ಕದ ಕುರ್ಚಿಯಲ್ಲಿ ಕುಸಿದು ಕುಳಿತರು. "ನೋಡಿದ್ರಾ? ಇಪ್ಪತ್ತು ವರ್ಷ ನಾನು ಆ ಆಟಗಳನ್ನ ಮನಸ್ಸಲ್ಲಿ ಆಡಿ ಆಡಿ, ಎಲ್ಲಿ ತಪ್ಪಿದೆ ಅಂತ ಹುಡುಕ್ತಿದ್ದೆ."

"ನಂದು ಬಿಡಿ ಮೇಷ್ಟ್ರೇ, ಮರದ್ದು. ನಿಮ್ಮದು ತಲೆ ವಿಷಯ," ಎಂದು ದರ್ಜಿ ಅವರ ಭುಜದ ಮೇಲೆ ಕೈಯಿಟ್ಟ. "ಇಂಥಾ ಮನುಷ್ಯನ ಜೊತೆ ನೀವು ಸಂಬಂಧ ಹೇಗೆ ಇಟ್ಕೊಂಡ್ರಿ?"

"ನೀವು ಗೋಡೆ ಪಕ್ಕದಲ್ಲಿ ಹೇಗಿದೀರೋ ಹಾಗೆ."

ಮೂರು ತಿಂಗಳಲ್ಲಿ ಒಂದು ವಿಷಯದಲ್ಲೂ ಒಂದಾಗದಿದ್ದ ಇಬ್ಬರು ಅಪ್ಪಂದಿರು ಚಿಲಕಪ್ಪನವರ ವಿಷಯದಲ್ಲಿ ಒಂದಾದರು. ಕೋಟು ನಿಜವಾಗಿ ಸ್ವಲ್ಪ ಬಿಗಿಯೇ ಹೊಲಿದದ್ದು ಎಂದು ದರ್ಜಿ ಒಪ್ಪಿಕೊಂಡ. ತಾನೂ ಸ್ವಲ್ಪ ದಪ್ಪವೇ ಎಂದರು ಮೇಷ್ಟ್ರು. ಹುಡುಗ ಹುಡುಗಿ ಬೆರಗಾಗಿ ನೋಡುತ್ತಿದ್ದರು. ಆದರೆ ಅಪ್ಪಂದಿರು ಒಂದಾದರೆ ಸಾಕೇ, ಪರದೆ ಒಪ್ಪಬೇಕಲ್ಲ. ಹನ್ನೊಂದು, ಹನ್ನೆರಡು, ಬಸ್ ನಿಲ್ದಾಣಕ್ಕೆ ತಮ್ಮ ಲೆಕ್ಕದ ನಲವತ್ತು ಎಂದು ಒತ್ತಿದಾಗ ಮತ್ತೆ 'ತಪ್ಪು' ಎಂದೇ ಬಂತು. ಎರಡು ಅವಕಾಶ ಉಳಿಯಿತು. ಸಮಯ ನಾಲ್ಕೂ ಮೂವತ್ತು.

ಎಲ್ಲರ ಕಣ್ಣೂ ಚಿಲಕಪ್ಪನವರ ಹೆಂಡತಿಯ ಕಡೆ ಹೋಯಿತು. ನಾನು ಅವರನ್ನು ಅತ್ತಿಗೆ ಎಂದು ಕರೆಯುತ್ತೇನೆ. ಈ ಬಸ್ ನಿಲ್ದಾಣದ ಕಥೆಯನ್ನು ಅತ್ತಿಗೆಯ ಬಾಯಲ್ಲಿ ಕೇಳದವರು ನಮ್ಮ ಬೀದಿಯಲ್ಲಿಲ್ಲ. ಮದುವೆಯಾದ ನಾಲ್ಕನೇ ದಿನ ಗಂಡ ಹೆಂಡತಿ ಎರಡು ಪೆಟ್ಟಿಗೆ ಹಿಡಿದು ಪ್ರಯಾಣ ಹೊರಟಿದ್ದರು. ಬಸ್ ನಿಲ್ದಾಣದಲ್ಲಿ ಚಿಲಕಪ್ಪನವರಿಗೆ ಮನೆಯ ಚಿಲಕದ ಅನುಮಾನ ಬಂತು. ಹೊಸ ಹೆಂಡತಿಯನ್ನು ಪೆಟ್ಟಿಗೆಗಳ ಜೊತೆ ಬಿಟ್ಟು, "ಈಗ ಬಂದೆ," ಎಂದು ಹೋದರು.

"ನೂರಿಪ್ಪತ್ತು ನಿಮಿಷ," ಎಂದರು ಅತ್ತಿಗೆ, ಸಾಕ್ಷಿ ಹೇಳುವವರಂತೆ ಎದ್ದು ನಿಂತು. "ನಿಲ್ದಾಣದ ಗಡಿಯಾರ ನೋಡಿದೀನಿ. ಹತ್ತಕ್ಕೆ ಹೋದೋರು. ನಾನು ಬಿಸಿಲಲ್ಲಿ ಪೆಟ್ಟಿಗೆ ಮೇಲೆ ಕೂತು ಕೂತು, ಕಣ್ಣು ಹತ್ತಿ, ಎಚ್ಚರಾದಾಗ ಹನ್ನೆರಡು. ಆಗ ಎದುರಿಗೆ ನಿಂತಿದ್ರು, ಈಗ ಬಂದೆ ಅಂತ. ಇವತ್ತಿಗೂ ಇವರ ಬಾಯಲ್ಲಿ ನಲವತ್ತೇ ನಿಮಿಷ. ಹಾಕ್ರೀ ನೂರಿಪ್ಪತ್ತು! ಎಲ್ಲರ ಮುಂದೆ ಹಾಕಿ!"

ಚಿಲಕಪ್ಪನವರು ಏನೋ ಹೇಳಲು ಬಾಯಿ ತೆರೆದು, ಮುಚ್ಚಿ, ಹಾಕಿದರು. ಹನ್ನೊಂದು, ಹನ್ನೆರಡು, ನೂರಿಪ್ಪತ್ತು.

'ತಪ್ಪು. ಒಂದು ಅವಕಾಶ ಉಳಿದಿದೆ.'

ಮೇಷ್ಟ್ರು ಹಲಗೆಯ ಮೇಲೆ ಬರೆದು, "ಉಳಿದದ್ದು ನಾಲ್ಕು ಸಾಧ್ಯತೆ. ಅವಕಾಶ ಒಂದು," ಎಂದರು. ಅವರ ಕೈಯಲ್ಲಿ ಸೀಮೆಸುಣ್ಣ ಮುರಿಯಿತು. ಹುಡುಗಿ ಮೇಜಿನಿಂದ ಕೈ ತೆಗೆದು ಹುಡುಗನ ಪಕ್ಕ ಹೋಗಿ ನಿಂತಳು. ಇಷ್ಟು ವರ್ಷ ಬೇರೆಯವರ ಮಕ್ಕಳ ಹುಟ್ಟನ್ನು ಬರೆದುಕೊಂಡು ಕೂತ ನನಗೆ, ಆ ಹುಡುಗಿ ಹುಟ್ಟಿದ್ದನ್ನು ಬರೆದವನೂ ನಾನೇ ಎಂಬುದು ಆಗ ನೆನಪಾಯಿತು.

"ಮಾವ," ಎಂದಳು. "ಇನ್ನೇನಾದ್ರೂ ಉಳಿದಿದೆಯಾ?"

ಚಿಲಕಪ್ಪನವರು ಪರದೆಯನ್ನೇ ನೋಡುತ್ತಿದ್ದರು. ಅವರ ಕಿವಿಗಳು ಕೆಂಪಾದವು. ಸಿಕ್ಕಿಬಿದ್ದ ಕಳ್ಳನ ಹಾಗೆ ಸಣ್ಣ ದನಿಯಲ್ಲಿ, "ಎಂಬತ್ತು," ಎಂದರು.

"ಏನ್ ಎಂಬತ್ತು?" ಎಂದರು ಅತ್ತಿಗೆ.

"ಯಾರಿಗೂ ಗೊತ್ತಿಲ್ಲದ್ದು ಹಾಕಿ ಅಂತ ಸುತ್ತೋಲೆಯಲ್ಲಿತ್ತು. ಅದಕ್ಕೆ ಎಂಬತ್ತು ಹಾಕಿದೆ. ಈಗ ನೆನಪಾಯ್ತು." ಅವರು ಹೆಂಡತಿಯ ಕಡೆ ನೋಡಲಿಲ್ಲ. "ನಾನು ಹೋಗಿ ಬಂದದ್ದು ನಲವತ್ತೇ ನಿಮಿಷ. ಬಂದಾಗ ನೀನು ಪೆಟ್ಟಿಗೆ ಮೇಲೆ ತಲೆಯಿಟ್ಟು ಮಲಗಿದ್ದೆ. ಬಿಸಿಲು ಮುಖಕ್ಕೇ ಬರ್ತಿತ್ತು. ಮನೆಯಿಂದ ಕೊಡೆ ತಂದಿದ್ದೆ. ಅದನ್ನ ಹಿಡ್ಕೊಂಡು ನಿಂತೆ."

"ಎಷ್ಟು ಹೊತ್ತು?" ಎಂದು ಕೇಳಿದ್ದು ಮೇಡಂ.

"ಎಂಬತ್ತು ನಿಮಿಷ."

"ಎಬ್ಬಿಸ್ಬಾರ್ದಾಗಿತ್ತಾ?" ಎಂದ ದರ್ಜಿ.

"ಮದುವೆಯಾಗಿ ನಾಲ್ಕೇ ದಿನ ಆಗಿತ್ತು. ಏನಂತ ಕರೀಬೇಕು ಅಂತ ಗೊತ್ತಾಗ್ಲಿಲ್ಲ."

ಚಿಲಕಪ್ಪನವರು ಮುಂದುವರಿಸಿದರು. "ನೀನು ಮಿಸುಕಿದ ಕೂಡ್ಲೇ ಕೊಡೆ ಮಡಚಿಬಿಟ್ಟೆ. ಎದ್ದ ತಕ್ಷಣ ನೀನು ಬೈದೆ. ಬೈಸ್ಕೊಂಡ ಮೇಲೆ ಹೇಳಿದ್ರೆ ನೆಪ ಅಂತಿದ್ದೆ. ಈಗ ಬಂದೆ ಅಂದ್ಬಿಟ್ಟೆ. ಆಮೇಲೆ ಹೇಳೋಕೆ ಆಗ್ಲೇ ಇಲ್ಲ."

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಇಪ್ಪತ್ತಾರು ವರ್ಷ ಬೀದಿಯೆಲ್ಲ ಹೇಳಿಕೊಂಡು ಬಂದ ಕಥೆ ಕೈತಪ್ಪಿ ಹೋದ ಸಂಕಟವೂ ಅದರಲ್ಲಿತ್ತು ಎಂದು ನನ್ನ ಗುಮಾನಿ. ಆದರೆ ಅವರು ಸೋಲುವ ಹೆಂಗಸಲ್ಲ. ಒಂದು ಸಲ ಮೂಗೆಳೆದುಕೊಂಡು, "ಅಂದ್ರೆ ನಾವು ಹತ್ತಬೇಕಿದ್ದ ಬಸ್ಸು?" ಎಂದರು.

"ಹೋಯ್ತು."

"ನಿಮ್ಮ ಕಣ್ಣೆದುರಿಗೇ?"

"ಮೂರು ಹೋದ್ವು."

"ಮೂರು ಬಸ್ಸು ಕಣ್ಣೆದುರಿಗೆ ಹೋಗೋದು ನೋಡ್ತಾ ಕೊಡೆ ಹಿಡ್ಕೊಂಡು ನಿಂತಿದ್ರಾ? ಆಮೇಲೆ ಸಂಜೆವರೆಗೂ ಬಸ್ಸೇ ಇರ್ಲಿಲ್ಲ, ಗೊತ್ತಾ ನಿಮಗೆ? ರೀ, ಬುದ್ಧಿ ಇದೆಯೇನ್ರೀ ನಿಮಗೆ?"

"ಅತ್ತೆ," ಎಂದಳು ಹುಡುಗಿ, ಗಡಿಯಾರ ತೋರಿಸಿ. ನಾಲ್ಕೂ ನಲವತ್ತೆಂಟು.

ಚಿಲಕಪ್ಪನವರು ಒತ್ತಿದರು. ಹನ್ನೊಂದು. ಹನ್ನೆರಡು. ಎಂಬತ್ತು. ಹದಿನಾಲ್ಕು ಜನ ಪರದೆಯತ್ತ ಬಾಗಿದರು. ಪರದೆಯ ಮೇಲೆ ಒಂದು ಸಣ್ಣ ಚಕ್ರ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಆಮೇಲೆ, 'ಸ್ವಾಗತ' ಎಂದಿತು.

ಹುಡುಗನ ಅತ್ತೆ ಚಪ್ಪಾಳೆ ತಟ್ಟಿದರು. ಮೇಷ್ಟ್ರು ದರ್ಜಿಯನ್ನು ಅಪ್ಪಿಕೊಂಡರು, ಕೋಟು ಬೆನ್ನಿನಲ್ಲಿ ಪರ್ ಎಂದು ಹರಿಯಿತು, ಇಬ್ಬರೂ ಅದಕ್ಕೆ ಜಗಳವಾಡಲಿಲ್ಲ. ಆದರೆ ಸ್ವಾಗತ ಹೇಳಿದ ಪರದೆ ಒಳಗೆ ಬಿಡುವ ಮುನ್ನ ಇನ್ನೊಂದು ಚೌಕ ತೋರಿಸಿತು. 'ನಿಮ್ಮ ಪಾಸ್‌ವರ್ಡ್ ಹಳೆಯದಾಗಿದೆ. ಮುಂದುವರಿಯಲು ಹೊಸದನ್ನು ಆರಿಸಿ.'

ಚಿಲಕಪ್ಪನವರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. "ನನ್ನ ಹತ್ರ ಇನ್ನೇನೂ ಉಳಿದಿಲ್ಲ ಮೇಡಂ. ಇದ್ದದ್ದೆಲ್ಲಾ ಹೇಳ್ಬಿಟ್ಟೆ."

"ಏಳಿ ಮೇಲೆ," ಎಂದರು ಅತ್ತಿಗೆ. ಗಂಡನ ಕುರ್ಚಿಯಲ್ಲಿ ಕುಳಿತು, ಅವರದೇ ಕರವಸ್ತ್ರ ಕಿತ್ತುಕೊಂಡು ಕೀಬೋರ್ಡಿನ ಮೇಲೆ ಮುಚ್ಚಿ, ಒಂದೇ ಉಸಿರಿಗೆ ಏನೋ ಒತ್ತಿದರು. ಪರದೆ ತೆರೆದುಕೊಂಡಿತು. ನಾಲ್ಕೂ ಐವತ್ತೇಳಕ್ಕೆ ಹುಡುಗ ಹುಡುಗಿ ಸಹಿ ಹಾಕಿದರು. ಮೇಡಂ ಮುದ್ರೆ ಒತ್ತಿದಾಗ ಐದಕ್ಕೆ ಒಂದು ನಿಮಿಷವಿತ್ತು.

ಇದಾಗಿ ಎರಡು ತಿಂಗಳಾಯಿತು. ಆ ಪಾಸ್‌ವರ್ಡ್ ಏನೆಂದು ಅತ್ತಿಗೆ ಇವತ್ತಿಗೂ ಗಂಡನಿಗೆ ಒಟ್ಟಿಗೆ ಹೇಳಿಲ್ಲ. ಬರೆಯಬಾರದು, ನೆನಪಿಡುವ ಶಕ್ತಿ ಇವರಿಗಿಲ್ಲ, ಕಂಪ್ಯೂಟರಿನ ನೆನಪನ್ನು ಇನ್ನು ನಂಬುವಂತಿಲ್ಲ. ಹಾಗಾಗಿ ಪ್ರತಿದಿನ ಬೆಳಗ್ಗೆ ಹತ್ತಕ್ಕೆ ಚಿಲಕಪ್ಪನವರು ಮನೆಗೆ ಫೋನ್ ಮಾಡುತ್ತಾರೆ. ಅತ್ತಿಗೆ ಮೊದಲ ಎರಡಕ್ಷರ ಹೇಳಿ, "ಒಂದ್ನಿಮಿಷ ಇರಿ, ಒಲೆ ಮೇಲೆ ಹಾಲಿಟ್ಟಿದೀನಿ, ಈಗ ಬಂದೆ," ಎಂದು ಫೋನ್ ಕೆಳಗಿಟ್ಟು ಹೋಗುತ್ತಾರೆ.

ಮದುವೆಯಾಗಲು ಬಂದವರು ಬೆಂಚಿನ ಮೇಲೆ ಕಾಯುತ್ತಾರೆ. ಚಿಲಕಪ್ಪನವರು ಫೋನ್ ಕಿವಿಗೆ ಹಿಡಿದು ಕಿಟಕಿಯ ಬಳಿ ನಿಂತಿರುತ್ತಾರೆ. ಇಟ್ಟು ಮತ್ತೆ ಮಾಡಿ ಎಂದು ನಾನೂ ಹೇಳಿ ನೋಡಿದೆ. ತಲೆಯಲ್ಲಾಡಿಸಿ, ಪರವಾಗಿಲ್ಲ ಎಂಬಂತೆ ಕೈ ಸನ್ನೆ ಮಾಡಿದರು. ನಿಂತು ಅವರಿಗೆ ಅಭ್ಯಾಸವಿದೆ.